ಸಿಇಟಿ ಬರೆದು ಬಸ್ಸಲ್ಲಿ ಟ್ಯಾಲಿ ಮಾಡಿದ್ದು

ಪರೀಕ್ಷೆ ಬರೆಯುವಾಗ ಯಾರಿಗೂ ಅಷ್ಟೊಂದು ಭಯ ಆಗಲ್ಲ. ಭಯ ಶುರುವಾಗೋದು ಹೊರಗೆ ಬಂದಮೇಲೆ, ಪಕ್ಕದವನು "ನೀನೇನು ಹಾಕಿದೆ?" ಅಂತ ಕೇಳಿದಾಗ. ಈಗಲೂ ಬೇಸಿಗೆಯಲ್ಲಿ ಯಾವುದಾದರೂ ಕಾಲೇಜಿನ ಗೇಟ್ ಮುಂದೆ ಮಕ್ಕಳು ಗುಂಪುಕಟ್ಟಿ ನಿಂತಿದ್ದರೆ ನಾನೂ ಅಲ್ಲೇ ನಿಲ್ಲುತ್ತೇನೆ. ಸುಮ್ಮನೆ ಮನೆಗೆ ಹೋಗ್ರಪ್ಪಾ ಅಂತ ಹೇಳೋಣ ಅನ್ನಿಸುತ್ತದೆ. ಕೇಳ್ತಾರಾ? ನಾವು ಕೇಳಿದ್ವಾ?

ತೊಂಬತ್ತರ ದಶಕದ ಕೊನೆ. ಚಾಮರಾಜನಗರ ಆಗತಾನೇ ಜಿಲ್ಲೆಯಾಗಿತ್ತು, ನಮ್ಮ ಸಿಇಟಿ ಸೆಂಟರೂ ಅಲ್ಲೇ ಬಿದ್ದಿತ್ತು. ಗುಂಡ್ಲುಪೇಟೆ ಕಾಲೇಜಿಂದ ನಾವು ಮೂವರು ಒಂದೇ ಬಸ್ಸಿನಲ್ಲಿ ಹೋಗಿಬರುತ್ತಿದ್ದೆವು. ಒಬ್ಬ ತೆರಕಣಾಂಬಿಯ ದಿನಸಿ ಅಂಗಡಿಯವರ ಮಗ. ಇನ್ನೊಬ್ಬ ಕ್ಲಾಸಿಗೇ ಫಸ್ಟ್ ಬರುತ್ತಿದ್ದವನು, ಅವನನ್ನು ಫಸ್ಟಪ್ಪ ಅಂತಲೇ ಕರೆಯುತ್ತಿದ್ದೆವು. ಮೂರನೆಯವಳು ನಾನು, ಆ ಬಸ್ಸಿನ ಕಂಡಕ್ಟರ್ ಮಗಳು. ಸರ್ಕಾರಿ ಸೀಟು ಸಿಕ್ಕಿದರೆ ಇಂಜಿನಿಯರಿಂಗು, ಇಲ್ಲದಿದ್ದರೆ ಓದು ಇಲ್ಲಿಗೇ ಸಾಕು ಅಂತ ಅಪ್ಪ ಮೊದಲೇ ಹೇಳಿಬಿಟ್ಟಿದ್ದರು. ಅಪ್ಪ ವಿಷಲ್ ಊದಿದ ಮೇಲೆ ಡ್ರೈವರೇ ಎದುರು ಮಾತಾಡುತ್ತಿರಲಿಲ್ಲ, ಇನ್ನು ನಾನ್ಯಾವ ಲೆಕ್ಕ.

೧. ತೂತು

ಉತ್ತರದ ಹಾಳೆಯಲ್ಲಿ ಸಣ್ಣ ಸಣ್ಣ ಸೊನ್ನೆಗಳಿರುತ್ತವೆ, ಸರಿ ಅನ್ನಿಸಿದ್ದನ್ನು ಪೆನ್ಸಿಲ್ಲಿನಲ್ಲಿ ಕಪ್ಪು ಮಾಡಬೇಕು, ಕಂಪ್ಯೂಟರ್ ನೋಡಿ ಮಾರ್ಕು ಕೊಡುತ್ತೆ ಅಂದಿದ್ದರು. ನಾವ್ಯಾರೂ ಕಂಪ್ಯೂಟರನ್ನು ಹತ್ತಿರದಿಂದ ಕಂಡವರೇ ಅಲ್ಲ. ಅದಕ್ಕೆ ಕಣ್ಣು ಎಷ್ಟು ಚೆನ್ನಾಗಿದೆಯೋ ಯಾರಿಗೆ ಗೊತ್ತು? ಅಂಗಡಿಯವನು ಇದೇ ಹೆದರಿಕೆಯಲ್ಲಿ ಒಂದೊಂದು ಸೊನ್ನೆಯನ್ನೂ ಉಜ್ಜಿ ಉಜ್ಜಿ ಒಂದು ಕಡೆ ಹಾಳೆಯನ್ನೇ ತೂತು ಮಾಡಿಬಿಟ್ಟಿದ್ದ.

ಗೇಟಿನ ಹೊರಗೆ ಬಂದಮೇಲೆ ನಮಗೆ ಹೇಳಿದ. ಮೂವರೂ ಹುಣಸೆ ಮರದ ಕೆಳಗೆ ನಿಂತು ಗಂಭೀರವಾಗಿ ಚರ್ಚೆ ಮಾಡಿದೆವು. ಅದು ಸರಿ ಉತ್ತರವೇ ಆಗಿದ್ದರೂ ಕಂಪ್ಯೂಟರ್ ನೋಟ ತೂತಿನಿಂದ ಆಚೆಗೆ ಹೋಗಿಬಿಡಬಹುದು ಅಂತ ಫಸ್ಟಪ್ಪ ಅಭಿಪ್ರಾಯಪಟ್ಟ. ಅಂಗಡಿಯವನು ಅವನ ತೋಳು ಹಿಡಿದುಕೊಂಡ.

"ಹಂಗಾದ್ರೆ ನನ್ ಮಾರ್ಕು ಕೆಳಗಡೆ ಪೇಪರ್‌ನೋನ್ಗೆ ಬಿದ್ದೋಯ್ತದೇನ್ಲಾ?"

೨. ಹಿಂದಿನ ಸೀಟು

ಅವತ್ತು ಸಂಜೆ ಬಸ್ಸಿನ ಕೊನೆಯ ಸೀಟಲ್ಲಿ ಕೂತು ಗಣಿತ ಟ್ಯಾಲಿ ಮಾಡಲು ಶುರುಮಾಡಿದೆವು. ಪ್ರಶ್ನೆಪತ್ರಿಕೆ ವಾಪಸ್ ಕಿತ್ತುಕೊಂಡಿದ್ದರು. ಪ್ರಶ್ನೆ ಯಾರಿಗೂ ನೆನಪಿರಲಿಲ್ಲ, ಎಷ್ಟನೇದಕ್ಕೆ ಯಾವ ಸೊನ್ನೆ ತುಂಬಿದೆವು ಅನ್ನೋದು ಮಾತ್ರ ನೆನಪಿತ್ತು. ಒಂದನೇದಕ್ಕೆ ನಾನು ಮೂರು ಅಂದೆ, ಫಸ್ಟಪ್ಪ ಒಂದು ಅಂದ, ಅಂಗಡಿಯವನು ನಾಲ್ಕು ಅಂದ. ಎರಡನೇದೂ ಹಾಗೇ. ಮೂರನೇದೂ ಹಾಗೇ. ಒಂದಾದರೂ ಕೂಡಬೇಡವಾ?

ಪಕ್ಕದಲ್ಲಿ ಅರಿಶಿನದ ಮೂಟೆ ಹಿಡಿದು ಕೂತಿದ್ದ ಯಜಮಾನರು, ಮೂವರಲ್ಲಿ ಒಬ್ಬರದಾದರೂ ಸರಿ ಇರಲೇಬೇಕಲ್ಲ ಅಂತ ಸಮಾಧಾನ ಹೇಳಿದರು. ಅದರಿಂದ ಇನ್ನೂ ಕೆಟ್ಟಿತು. ಆ ಒಬ್ಬ ಫಸ್ಟಪ್ಪನೇ ಅಂತ ನಾವಿಬ್ಬರೂ ಅಳಲು ಶುರುಮಾಡಿದೆವು. ತಾನಲ್ಲ ಅಂತ ಫಸ್ಟಪ್ಪ ನಮಗಿಂತ ಜೋರಾಗಿ ಅತ್ತ. ಅಪ್ಪ ಟಿಕೆಟ್ ಹರಿಯುವುದನ್ನು ಬಿಟ್ಟು ಅಲ್ಲೇ ನಿಂತಿದ್ದರು.

ದಾರಿಯಲ್ಲಿ ಹತ್ತಿದ ಅಜ್ಜಿಯೊಬ್ಬರು ನಮ್ಮನ್ನು ನೋಡಿ ಕಣ್ಣಲ್ಲಿ ನೀರು ತಂದುಕೊಂಡು, ಪಾಪ ಯಾರು ತೀರಿಕೊಂಡರು ಅಂತ ಅಪ್ಪನನ್ನು ಕೇಳಿದರು.

"ರಿಸಲ್ಟ್ ಬಂದ್ಮೇಲೆ ಗೊತ್ತಾಯ್ತದೆ ಕಣಮ್ಮ," ಅಂದರು ಅಪ್ಪ.

೩. ಹರಕೆ

ಮನೆಗೆ ಬಂದ ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಊಟ ಮುಗಿಸಿ, ದಿನಾ ನಮ್ಮ ಬಸ್ಸಲ್ಲೇ ಓಡಾಡುವ ಹೊಲಿಗೆ ಟೀಚರ್ ಹತ್ತಿರ ಮಾತಾಡಿದ್ದೀನಿ, ಮುಂದಿನ ವಾರದಿಂದ ಕ್ಲಾಸಿಗೆ ಹೋಗು ಅಂದರು. ನಾನು ಮೂಲೆ ಸೇರಿ ಅತ್ತೆ. ನನಗೆ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ.

ಅಮ್ಮ ಗೋಪಾಲಸ್ವಾಮಿ ಬೆಟ್ಟಕ್ಕೆ ಹರಕೆ ಹೊತ್ತುಕೊಳ್ಳಲು ಕಾಸಿನ ಗಂಟು ಕಟ್ಟಿಕೊಂಡು ದೇವರ ಮುಂದೆ ಕೂತಳು. ನನ್ನ ಉತ್ತರಾನೇ ಸರಿ ಮಾಡಪ್ಪಾ ಅಂತ ಕೇಳ್ಕೋ ಅಂದೆ. ಅಮ್ಮನ ಕೈ ಗಂಟಿನ ಮೇಲೇ ನಿಂತಿತು.

"ಆ ಐಕ್ಳ ಅವ್ವಂದಿರೂ ಅದೇ ಬೆಟ್ಟಕ್ಕೆ ಹೊತ್ಕಂಡವ್ರೆ ಕಣಮ್ಮಿ. ಒಂದೊಂದು ಮನೆದು ಒಂದೊಂದು ಉತ್ತರ ಅಂದ್ರೆ ಸ್ವಾಮಿ ಏನ್ ಮಾಡಾನು?"

೪. ಟ್ಯಾಲಿ ಆದದ್ದು

ಎರಡನೇ ದಿನ ಕೆಮಿಸ್ಟ್ರಿ ಮುಗಿಸಿ ಬಸ್ ಹತ್ತಿದರೆ ಹುಡುಗರಿಬ್ಬರ ಮುಖದಲ್ಲೂ ಕಳೆ ಬಂದಿತ್ತು. ಟ್ಯಾಲಿ ಮಾಡಿದರು. ಒಂದನೇದು ಕೂಡಿತು, ಎರಡನೇದು ಕೂಡಿತು, ಕೇಳಿದ್ದೆಲ್ಲ ಕೂಡಿತು. ಇಬ್ಬರೂ ತಬ್ಬಿಕೊಂಡರು. ನನ್ನದು ಮಾತ್ರ ಅವರದಕ್ಕೆ ಎಲ್ಲೋ ಒಂದೊಂದು ಬಿಟ್ಟರೆ ಕೂಡಲೇ ಇಲ್ಲ. ನಿನ್ನೆ ಅಳಲಿಕ್ಕೆ ಜೊತೆಯಾದರೂ ಇತ್ತು, ಇವತ್ತು ಒಬ್ಬಳೇ ಅಳಬೇಕಾಯಿತು. ನನ್ನ ಕತೆ ಮುಗಿಯಿತು ಅಂತ ನಿಜವಾಗಿ ಅನ್ನಿಸಿತು. ಅಪ್ಪ ಬೇರೆ ಮುಂದಿನಿಂದ ಆ ಹೊಲಿಗೆ ಟೀಚರನ್ನೇ ಕರೆದುಕೊಂಡು ಬಂದು, ನಮಸ್ಕಾರ ಮಾಡಮ್ಮಿ ಅಂದರು.

ನಾನು ಕೈಮುಗಿದು ಬಿಕ್ಕುತ್ತಿರುವಾಗ, ಮುಂದಿನ ಸಾಲಲ್ಲಿ ಕೂತಿದ್ದ ನಮ್ಮ ಕಾಲೇಜಿನ ಗಣಿತದ ಮೇಷ್ಟ್ರು ತಿರುಗಿ, ನಿಮ್ಮದು ಯಾವ್ಯಾವ ವರ್ಷನ್ ಅಂತ ಕೇಳಿದರು. ಪತ್ರಿಕೆಯ ಮೂಲೆಯಲ್ಲಿ ಇದ್ದ ಅಕ್ಷರ ಬೆಂಚಿನ ಗುರುತು ಅಂತ ನಾವು ತಿಳಿದಿದ್ದೆವು. ನನ್ನದು ಸಿ, ಫಸ್ಟಪ್ಪನದು ಎ, ಅಂಗಡಿಯವನದು ಬಿ. ಮೇಷ್ಟ್ರು ಬಿಡಿಸಿ ಹೇಳಿದರು. ಕಾಪಿ ಹೊಡೀಬಾರದು ಅಂತ ಅವೇ ಪ್ರಶ್ನೆಗಳನ್ನು ಹಿಂದೆಮುಂದೆ ಮಾಡಿ ಕೊಟ್ಟಿರುತ್ತಾರೆ. ಒಬ್ಬರ ಒಂದನೇ ಪ್ರಶ್ನೆ ಇನ್ನೊಬ್ಬರಿಗೆ ಎಷ್ಟನೇದೋ. ಉತ್ತರ ಕೂಡಬಾರದು. ಎಲ್ಲಾ ಕೂಡಿದರೆ ಒಬ್ಬನಾದರೂ ಮುಳುಗಿದ ಅಂತ ಅರ್ಥ.

ನನಗೆ ಹೋದ ಜೀವ ಬಂತು. ಅಂಗಡಿಯವನು, ಪಕ್ಕದ ಬೆಂಚಲ್ಲೇ ಬರೆದಿದ್ದ ಫಸ್ಟಪ್ಪನ ಕಡೆ ತಿರುಗಿ ಬಾಯಿಬಿಟ್ಟ. ನಿನ್ನೆಯ ಟ್ಯಾಲಿ ಆದಮೇಲೆ ಅವನಿಗೆ ತನ್ನ ತಲೆಯ ಮೇಲೆ ನಂಬಿಕೆಯೇ ಹೋಗಿತ್ತಂತೆ.

"ಅರ್ಧದವರ್ಗೂ ನಿನ್ನ ಸೊನ್ನೆ ನೋಡ್ಕಂಡೇ ತುಂಬ್ಬುಟ್ಟೆ ಕಣ್ಲಾ. ಆಮೇಲೆ ನೀನು ಕೈ ನಿಲ್ಲಿಸ್ಬುಟ್ಟೆ. ನಾನು ಕಣ್ಮುಚ್ಕಂಡು ಸಿಕ್ಸಿಕ್ಕಿದ್ದು ಉಜ್ದೆ."

ಫಸ್ಟಪ್ಪ ಅವನ ಭುಜ ಹಿಡಿದ. "ನಂಗೆ ಭಯಕ್ಕೆ ಕೈ ಓಡ್ಲಿಲ್ಲ ಕಣ್ಲಾ. ನೀನು ಪಟಪಟ ಅಂತ ತುಂಬ್ತಾ ಇದ್ದೆ. ಇವನಿಗೆ ಬತ್ತದೆ ಅಂತ, ಅಲ್ಲಿಂದಾಚೆಗೆ ನಾನು ನಿನ್ನ ನೋಡ್ಕಂಡು ಹಾಕ್ಬುಟ್ಟೆ."

ಅಪ್ಪ ನನ್ನ ಮುಖ ನೋಡಿದರು, ಅವರಿಬ್ಬರ ಮುಖ ನೋಡಿದರು. ಆಮೇಲೆ ಹೊಲಿಗೆ ಟೀಚರ್ ಕಡೆ ತಿರುಗಿದರು.

"ಮೇಡಂ, ನಮ್ ಹುಡ್ಗಿ ಬರಕಿಲ್ಲ. ಗಂಡೈಕ್ಳನ್ನ ಸೇರಿಸ್ಕತೀರಾ? ಎರಡವೆ."