ಧೃತಿಗೆ ಸೌತೆ, ಪಪ್ಪನಿಗೆ ಬನ್ಸ್

"ಇವತ್ತಿನಿಂದ ಈ ಮನೆಯಲ್ಲಿ ಕರಿದ ತಿಂಡಿ ಬಂದ್!"

ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ಘೋಷಿಸಿದೆ. ಯುದ್ಧ ಸಾರುವ ಸಾಮ್ರಾಟನ ಠೀವಿ ನನ್ನದು!

ಕಾರಣ ಮಾತ್ರ ಗಂಭೀರವಾದದ್ದೇ. ನಮ್ಮ ಮಗಳು ಧೃತಿಗೆ ಆಟಿಸಂ ಇದೆ. ಅವಳು ಒಪ್ಪಿ ತಿನ್ನುವ ಪದಾರ್ಥಗಳು ಕೆಲವೇ, ಓಡಾಟವೂ ಕಡಿಮೆ. ತೂಕ ಏರುತ್ತಲೇ ಇತ್ತು. ಶಾಲೆಯ ಮೆಟ್ಟಿಲು ಹತ್ತುವಾಗ ಅವಳ ಏದುಸಿರು ಕೇಳಿ ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಮಣಿಪಾಲದ ಡಾಕ್ಟರಮ್ಮ, "ಪಥ್ಯ ಅವಳೊಬ್ಬಳಿಗೇ ಅಲ್ಲ, ಮನೆಯವರಿಗೆಲ್ಲ. ದಿನಾ ಸಂಜೆ ಒಂದೇ ದಾರಿಯಲ್ಲಿ ನಡೆಸಿ" ಎಂದಿದ್ದರು.

"ನಿಮ್ಮಿಂದ ಆಗ್ತದಾ?" ಹೆಂಡತಿ ಹರ್ಷಿಣಿಗೆ ಅನುಮಾನ.

"ಎಂತ ಮಾತು ಮಾರಾಯ್ತಿ! ನನ್ನ ಮನೋಬಲ ನಿನಗೆ ಗೊತ್ತಿಲ್ಲ!"

ಆ ಮನೋಬಲ ಸಂಜೆ ಮಗಳ ಜೊತೆ ನಡೆಯುತ್ತ ಅಂಬಲಪಾಡಿಯ ಮನೆಯಿಂದ ಹೊರಟು ಬನ್ನಂಜೆಯವರೆಗೆ ಬಂತು. ಅಲ್ಲಿ ಶೀನಣ್ಣನ ಹೋಟೆಲಿನಿಂದ, ಬಾಳೆಹಣ್ಣು ಕಲಸಿ ಎಣ್ಣೆಯಲ್ಲಿ ಕರಿದ ಬಿಸಿ ಬನ್ಸಿನ ಪರಿಮಳ! ಕಾಲುಗಳು ತಾವಾಗಿಯೇ ಒಳಗೆ ಹೋದವು. ಹರ್ಷಿಣಿ ಕೊಟ್ಟಿದ್ದ ಸೌತೆಕಾಯಿಯ ಡಬ್ಬಿಯನ್ನು ಮಗಳ ಮುಂದೆ ಬಿಚ್ಚಿಟ್ಟೆ. ಕರುಂಕುರುಂ ಎನ್ನುವುದೆಲ್ಲ ಅವಳಿಗೆ ಇಷ್ಟ.

"ನೋಡು ಮಗಾ, ಧೃತಿಗೆ ಸೌತೆ, ಪಪ್ಪನಿಗೆ ಬನ್ಸ್. ಆಯ್ತಾ?"

"ಸರಿ."

ಆ 'ಸರಿ'ಯ ಗಟ್ಟಿತನ ನನಗೆ ಮೊದಲೇ ಹೊಳೆಯಬೇಕಿತ್ತು. ಧೃತಿಯ ಪಾಲಿಗೆ ಒಮ್ಮೆ ನಡೆದದ್ದು ಶಿಲಾಶಾಸನ! ಮರುದಿನ ಪಶ್ಚಾತ್ತಾಪಪಟ್ಟು ನಾನು ಹೋಟೆಲ್ ದಾಟಿ ನಡೆದೆ. ತಿರುಗಿ ನೋಡಿದರೆ ಅವಳು ಒಳಗೆ, ಅದೇ ಕುರ್ಚಿಯಲ್ಲಿ!

"ಧೃತಿಗೆ ಸೌತೆ. ಪಪ್ಪನಿಗೆ ಬನ್ಸ್."

"ಇವತ್ತು ಪಪ್ಪನಿಗೆ ಬೇಡ ಮಗಾ."

"ಪಪ್ಪನಿಗೆ ಬನ್ಸ್!"

ಅವಳ ಎರಡೂ ಕೈ ಕಿವಿಯ ಮೇಲೆ ಹೋದವು. ತಿಂದೆ. ಅದರ ಮರುದಿನವೂ ತಿಂದೆ. ಮಗಳಿಗಾಗಿ ತಂದೆಯಾದವನು ಎಂತೆಂಥ ತ್ಯಾಗ ಮಾಡಬೇಕಾಗುತ್ತದೆ ನೋಡಿ!

ಒಂದು ಸಂಜೆ ಬನ್ಸ್ ಖಾಲಿ. "ಗೋಳಿಬಜೆ ಉಂಟು, ಕೊಡ್ಲಾ?" ಎಂದ ಶೀನಣ್ಣ. ಶಾಸನದ ತಿದ್ದುಪಡಿಗೆ ಧೃತಿ ಒಪ್ಪಲಿಲ್ಲ. ಪಾಪ, ಅವನು ರಿಕ್ಷಾ ಕಳಿಸಿ ಬೇರೆ ಹೋಟೆಲಿನಿಂದ ತರಿಸಿಕೊಟ್ಟ. ರಿಕ್ಷಾದಲ್ಲಿ ಬಂದಿಳಿದ ಬನ್ಸನ್ನು ಇಡೀ ಹೋಟೆಲಿನ ಎದುರು ತಲೆತಗ್ಗಿಸಿ ತಿಂದೆ.

ರಾತ್ರಿ ಊಟಕ್ಕೆ ಕೂತರೆ, "ಒಂದೇ ಚಪಾತಿ ಸಾಕು" ಎಂದು ಋಷಿಯಂತೆ ಎದ್ದುಬಿಡುತ್ತಿದ್ದೆ. "ಇವರದ್ದು ಭಾರೀ ವ್ರತ" ಎಂದು ಹರ್ಷಿಣಿ ಪಕ್ಕದ ಮನೆಯ ಪ್ರಫುಲ್ಲಾ ಅಕ್ಕನ ಹತ್ತಿರ ಹೊಗಳಿದ್ದೇ ಹೊಗಳಿದ್ದು!

ತಿಂಗಳ ನಂತರ ಮೂವರೂ ಮತ್ತೆ ಮಣಿಪಾಲಕ್ಕೆ. ಧೃತಿ ತೂಕದ ಯಂತ್ರ ಹತ್ತಿದಳು. ಇಳಿದಿತ್ತು! ನನ್ನ ಕಣ್ಣು ತುಂಬಿ ಬಂತು.

"ಎಲ್ಲ ಮನೆಯ ಶಿಸ್ತು ಡಾಕ್ಟ್ರೇ!" ಎಂದು ಎದೆಯುಬ್ಬಿಸಿದೆ.

ಹೊಟ್ಟೆಯ ಮೇಲೆ ಬಿಗಿದಿದ್ದ ಅಂಗಿಯ ಗುಂಡಿಯೊಂದು ಟಪ್ಪೆಂದು ಹಾರಿ ಅವರ ಮೇಜಿನ ಮೇಲೆ ಬಿತ್ತು.

"ನೀವೂ ಒಮ್ಮೆ ಹತ್ತಿ" ಎಂದರು. ಹತ್ತಿದೆ. ಅವರು ಕನ್ನಡಕ ಸರಿಮಾಡಿಕೊಂಡರು. "ಸಂಜೆ ಎಂತ ತಿಂತೀರಿ?"

ನಾನು ಬಾಯಿ ತೆರೆಯುವ ಮೊದಲೇ ಉತ್ತರ ಬಂತು.

"ಧೃತಿಗೆ ಸೌತೆ. ಪಪ್ಪನಿಗೆ ಬನ್ಸ್."

ಹರ್ಷಿಣಿ ನನ್ನತ್ತ ತಿರುಗಿದಳು. "ಓಹೋ! ವ್ರತ ಇದಾ?"

ಡಾಕ್ಟರಮ್ಮ ನಗು ತಡೆದುಕೊಂಡು ಮಗಳ ಕಡೆ ಬಾಗಿದರು. "ಧೃತಿ, ಇನ್ನು ಪಪ್ಪನಿಗೂ ಸೌತೆ. ಮುಂದಿನ ತಿಂಗಳು ನೀನೇ ಪಪ್ಪನನ್ನು ಕರ್ಕೊಂಡು ಬಾ. ಆಯ್ತಾ?"

ನಾನು ಕಣ್ಣು ಮುಚ್ಚಿಕೊಂಡೆ.

"ಸರಿ" ಎಂದಳು ಧೃತಿ.