ಶಿವಲಿಂಗವ್ವನ ಮೂರು ಅಕ್ಷರ

ಒಂದೇ ಮಾತನ್ನು ಯಾರಾದರೂ ಎರಡು ಸಲ ಹೇಳಿದರೆ ಎರಡನೆಯದು ನನ್ನ ಕಿವಿಗೆ ಬೀಳುವುದಿಲ್ಲ. ಹುಟ್ಟಿನಿಂದಲೇ ಬಂದ ದೋಷ. ಮದುವೆಯಾದ ಮೇಲೆ ಇದೊಂದು ವರವೆನಿಸಿತ್ತು. ಆದರೆ ನನ್ನ ಕಸುಬಿಗೆ ಅದು ಒಗ್ಗುವುದಿಲ್ಲವೆಂದು ತಿಳಿದದ್ದು ಐವತ್ತೆಂಟನೆಯ ವಯಸ್ಸಿನಲ್ಲಿ.

ವಿಜಯಪುರದಲ್ಲಿ, ಇಬ್ರಾಹಿಂಪುರದ ರೈಲು ಹಳಿಯ ಪಕ್ಕದ ಒಂದು ಕೋಣೆಯೇ ನನ್ನ ಆಫೀಸು. ಹಳೇ ಕಂಪ್ಯೂಟರ್ ಭಾಷೆಗಳನ್ನು ಓದಬಲ್ಲವರು ಈಗ ಕಡಿಮೆ. ಆದ್ದರಿಂದ ನನಗಿನ್ನೂ ಕೆಲಸವಿದೆ. ಟಿಕೋಟಾದ ದ್ರಾಕ್ಷಿ ಬೆಳೆಗಾರರ ಸಂಘವೊಂದರ ಸದಸ್ಯರ ಪಟ್ಟಿ ಕೋಬಾಲ್‌ನಲ್ಲಿತ್ತು. ಅವರ ಒಕ್ಕೂಟದ ಯಂತ್ರಕ್ಕೆ ತಿಳಿಯುವುದು ಆರ್‌ಪಿಜಿ ಎಂಬ ಇನ್ನೊಂದು ಮುದಿ ಭಾಷೆ. ಸಾಲಿನಲ್ಲಿ ಸದಸ್ಯರ ಹೆಸರಿಗೆ ಎಷ್ಟು ಚೌಕದ ಮನೆ, ಊರಿನ ಹೆಸರಿಗೆ ಎಷ್ಟು ಮನೆ ಎಂಬ ವಿವರವನ್ನು ಅದರಿಂದ ಇದಕ್ಕೆ ಇಳಿಸಿಕೊಡಬೇಕಿತ್ತು. ಒಂದು ಮನೆಗೆ ಒಂದು ಇಂಗ್ಲಿಷ್ ಅಕ್ಷರ. ಇಳಿಸಿಕೊಟ್ಟೆ. ಎಷ್ಟು ಮಂದಿ ಎಂದು ಎಣಿಸಿ ತಾಳೆ ನೋಡಿದೆ. ಯಾರ್‍ಯಾರು ಎಂದು ನೋಡಲಿಲ್ಲ.

ವಾರದ ನಂತರ ಬಬಲೇಶ್ವರದಿಂದ ಬಸ್ಸು ಹತ್ತಿ ಒಬ್ಬ ಹೆಣ್ಣುಮಗಳು ಬಂದರು. ಅರವತ್ತು ದಾಟಿರಬೇಕು. ಕೈಯಲ್ಲಿ ಸಂಘದ ಮತದಾರರ ಪಟ್ಟಿ.

"ಯಪ್ಪಾ, ನನ್ನ ಗಂಡಸ ಮಾಡಿದವ್ರು ನೀವ ಏನ್ರಿ?" ಎಂದು ಶಾಂತವಾಗಿ ಕೇಳಿದರು.

ಅವರ ಹೆಸರು ಶಿವಲಿಂಗವ್ವ. ಪಟ್ಟಿಯಲ್ಲಿ ಶಿವಲಿಂಗ ಎಂದಿತ್ತು. ಸಂಘದ ಚುನಾವಣೆಯಲ್ಲಿ ಹೆಂಗಸರಿಗಿದ್ದ ಒಂದೇ ಸ್ಥಾನಕ್ಕೆ ಅವರು ಅರ್ಜಿ ಹಾಕಲು ಹೋದರೆ, ಗುಮಾಸ್ತ ಪಟ್ಟಿ ತೋರಿಸಿ ವಾಪಸು ಕಳಿಸಿದ್ದ. ಅವತ್ತು ಐದು ಗಂಟೆಗೆ ಗಡುವು ಮುಗಿಯುತ್ತಿತ್ತು.

"ಕಂಪ್ಯೂಟರ್ ತಪ್ಪು ಮಾಡಂಗಿಲ್ರಿ ಅವ್ವಾರ, ನಿಮ್ಮ ಅರ್ಜಿಯೊಳಗ ಹಂಗ ಬರದಿರಬೇಕು" ಎಂದೆ.

"ಹೌದೇನ್ರಿ? ಹಂಗಾರ ಈ ಮಲ್ಲಿಕಾರ್ಜು ಯಾರ್ರಿ? ಅವನೂ ಅರ್ಧಾ ಹೆಸರ ಬರದಾನೇನು?"

ನೋಡಿದೆ. ಉದ್ದ ಹೆಸರಿನವರೆಲ್ಲ ಹತ್ತನೆಯ ಇಂಗ್ಲಿಷ್ ಅಕ್ಷರಕ್ಕೆ ತುಂಡಾಗಿದ್ದರು; ಶಿವಲಿಂಗವ್ವನವರ ಕೊನೆಯ ಮೂರು, ವಿ-ವಿ-ಎ, ಹೋಗಿದ್ದವು. ಹಳೆಯ ಕೋಬಾಲ್ ಹಾಳೆ ತೆಗೆದೆ. ಹೆಸರಿಗೆ ಹತ್ತು ಮನೆ, ಆಮೇಲೆ ಐದು ಖಾಲಿ ಮನೆ ಎಂದಿತ್ತು. ಅದರ ಕೆಳಗೇ ಇನ್ನೊಂದು ಸಾಲು: ಈ ಹದಿನೈದೂ ಸೇರಿ ಪೂರ್ಣ ಹೆಸರು. ಅದೇ ಜಾಗವನ್ನು ಇನ್ನೊಂದು ರೀತಿ ಓದಿರಿ ಎಂದು ಯಾರೋ ಜಾಣರು ಬರೆದಿಟ್ಟಿದ್ದರು. ಹೇಳಿದ್ದನ್ನೇ ಹೇಳಿದ್ದಾರೆಂದು ನಾನು ಬಿಟ್ಟುಬಿಟ್ಟಿದ್ದೆ.

"ತಪ್ಪು ನಂದ್ರಿ" ಎಂದೆ.

"ಆಗ್ಲಿ ಬಿಡ್ರಿ, ಬಸ್ ಮೂರಕ್ಕೈತಿ" ಎಂದು ಅವರು ಕುರ್ಚಿ ಎಳೆದುಕೊಂಡು ಕುಳಿತರು. ತಿದ್ದಿದ್ದು ಒಂದೇ ಸಾಲು, ಆದರೆ ಅವರ ಎದುರಿಗೆ ನನ್ನ ಬೆರಳು ಮೂರು ಸಲ ತಪ್ಪಿತು. ಹೊಸ ಪಟ್ಟಿ ಒಕ್ಕೂಟಕ್ಕೆ ಹೋಯಿತು. ಅವರ ಕೈಗೂ ಒಂದು ಪ್ರತಿ ಕೊಟ್ಟೆ. ಅರ್ಜಿ ಸಂಜೆ ನಾಲ್ಕೂವರೆಗೆ ಸ್ವೀಕಾರವಾಯಿತೆಂದು ಟಿಕೋಟಾದಿಂದ ಫೋನು ಬಂದಾಗಲೇ ನಾನು ಊಟಕ್ಕೆ ಕುಳಿತದ್ದು.

ಶಿವಲಿಂಗವ್ವ ಗೆದ್ದರು. ಸಂಘದ ಸಭೆಯಲ್ಲಿ ಅವರು ಮಾಡಿಸಿದ ಮೊದಲ ಠರಾವೆಂದರೆ, ಯಾವ ಪಟ್ಟಿಯನ್ನೇ ಆಗಲಿ ಎಲ್ಲರೆದುರು ಗಟ್ಟಿಯಾಗಿ ಓದಿದ ಮೇಲೆಯೇ ಅಚ್ಚು ಹಾಕಬೇಕು. ಓದುವವನು ಅದನ್ನು ಬರೆದವನೇ ಆಗಿರಬೇಕು. ಹೀಗಾಗಿ ನಾನೀಗ ಟಿಕೋಟಾಕ್ಕೆ ಹೋಗಿ, ನಿಂತುಕೊಂಡು, ಹೆಸರು ಕೂಗುತ್ತೇನೆ. ಸ್ವಲ್ಪ ಓಡಿಸಿದರೆ ಮುಂದಿನ ಸಾಲಿನಲ್ಲಿ ಕುಳಿತ ಶಿವಲಿಂಗವ್ವನವರಿಂದ ಮಾತು ಬರುತ್ತದೆ: "ಸಾವಕಾಶ ಓದ್ರಿ. ಮನಷ್ಯಾರದಾರ ಅದರಾಗ."