ಗೀಸರ್ ಸುಮ್ಮನಾದ ಮೇಲೆ

ಆ ಮನೆಯ ಗೀಸರ್ ಗುಡುಗುತ್ತಿತ್ತು. ಬೆಳಿಗ್ಗೆ ಸ್ವಿಚ್ ಒತ್ತಿದರೆ ಮೊದಲು ಸಣ್ಣಗೆ ಗೊಣಗಿ, ಆಮೇಲೆ ಗಂಟಲು ಸರಿಮಾಡಿಕೊಂಡು, ಕೊನೆಗೆ ಬಚ್ಚಲಿನ ಗೋಡೆಯೇ ನಡುಗುವಂತೆ ಗುರ್ರೆನ್ನುತ್ತಿತ್ತು. ವರ್ಷಗಟ್ಟಲೆ ಹೀಗೇ ನಡೆದಿದ್ದರೂ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ಯಜಮಾನರೊಬ್ಬರನ್ನು ಬಿಟ್ಟು.

ಯಜಮಾನರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕಲಿಯುವವರ ಪಕ್ಕದಲ್ಲಿ ಕೂತು, ತಮ್ಮ ಕಾಲಡಿಯ ಇನ್ನೊಂದು ಬ್ರೇಕಿನ ಮೇಲೆ ಪಾದ ಇಟ್ಟುಕೊಂಡೇ ಕೂದಲು ನರೆತ ಮನುಷ್ಯ. ಮನೆಯಲ್ಲೂ ತಮ್ಮ ಕಾಲಡಿ ಅಂಥದೇ ಒಂದು ಬ್ರೇಕ್ ಇದೆ ಎಂದು ಅವರು ದೃಢವಾಗಿ ನಂಬಿದ್ದರು. ಇಷ್ಟು ವರ್ಷಗಳಲ್ಲಿ ತಮ್ಮ ತಾಯಿಗೂ ಹೆಂಡತಿಗೂ ಒಂದೇ ಒಂದು ದೊಡ್ಡ ಜಗಳ ಆಗಿಲ್ಲವೆಂದರೆ ಅದು ತಾವು ಸಕಾಲಕ್ಕೆ ಒತ್ತಿದ ಬ್ರೇಕಿನ ಮಹಿಮೆ. (ಸ್ನೇಹಿತರು ಮನೆಯ ರಗಳೆ ತೋಡಿಕೊಂಡರೆ, "ನಮ್ಮನೆಗೆ ಬಂದು ನೋಡಿ ಕಲೀರಿ" ಎನ್ನುತ್ತಿದ್ದರು.) ಬದುಕಿನಲ್ಲಿ ಅವರಿಗೆ ಅದಕ್ಕಿಂತ ದೊಡ್ಡ ಹೆಮ್ಮೆ ಬೇರೆ ಇರಲಿಲ್ಲ.

ಒಂದು ರಜೆಯ ದಿನ ಅವರು ಸ್ಪ್ಯಾನರ್ ಹಿಡಿದು ಘೋಷಿಸಿದರು: "ಇವತ್ತು ಗೀಸರ್ ಸರ್ವೀಸು. ಒಳಗೆಲ್ಲ ಸುಣ್ಣ ಕಟ್ಟಿದೆ, ಅದಕ್ಕೇ ಈ ಕೂಗಾಟ."

"ಅದರ ಪಾಡಿಗೆ ಅದು ಬಿಸಿನೀರು ಕೊಡ್ತಿದೆಯಲ್ಲ, ಸುಮ್ನಿರಬಾರದಾ?" ಎಂದಳು ಹೆಂಡತಿ.

"ಕೂಗಿದ್ರೆ ಕೂಗ್ಲಿ ಬಿಡೋ," ಎಂದರು ತಾಯಿ. "ನಮಗೇನೂ ತೊಂದರೆ ಇಲ್ಲ."

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಹಿಂದೆ ಬರುವ ಗಾಡಿಯನ್ನು ಕನ್ನಡಿಯಲ್ಲಿ ನೋಡಬೇಕೆಂದು ಊರಿಗೆಲ್ಲ ಕಲಿಸಿದ ಯಜಮಾನರು ಇದನ್ನು ಮಾತ್ರ ನೋಡಲಿಲ್ಲ.

ಮೇನ್ ಸ್ವಿಚ್ ಆರಿಸಿದರು. ನೀರಿನ ವಾಲ್ವ್ ಮುಚ್ಚಿ, ಟ್ಯಾಂಕ್ ಖಾಲಿ ಮಾಡಿ, ತಳದ ಬೋಲ್ಟುಗಳನ್ನು ಬಿಚ್ಚಿ ಕಾಯಿಲನ್ನು ಹೊರಗೆಳೆದರು. ಅದು ದಪ್ಪ ಸುಣ್ಣದ ಕಂಬಳಿ ಹೊದ್ದು ಕೂತಿತ್ತು. ವಿನೆಗರಿನಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ತಳದಲ್ಲಿ ಸೇರಿದ್ದ ಸುಣ್ಣದ ಚಕ್ಕೆಗಳನ್ನೆಲ್ಲ ಬಕೆಟ್ಟಿಗೆ ಸುರಿದು, ಹೊಸ ವಾಷರ್ ಹಾಕಿ ಬಿಗಿದರು. ನೀರು ತುಂಬಿಸಿ ಸ್ವಿಚ್ ಒತ್ತಿದಾಗ ಗೀಸರ್ ತುಟಿ ಪಿಟಕ್ಕೆನ್ನಲಿಲ್ಲ. ನೀರು ಮಾತ್ರ ಹದವಾಗಿ ಕಾಯಿತು. ಯಜಮಾನರು ಆ ದಿನವೆಲ್ಲ ಎದೆಯುಬ್ಬಿಸಿಕೊಂಡು ಓಡಾಡಿದರು.

ಮರುದಿನ ಬೆಳಿಗ್ಗೆ ನೀರು ಕಾಯಲೆಂದು ಬಚ್ಚಲಿನಲ್ಲಿ ನಿಂತು ಗಡ್ಡಕ್ಕೆ ನೊರೆ ಹಚ್ಚುತ್ತಿದ್ದರು. ಬಚ್ಚಲಿಗೂ ಅಡುಗೆಮನೆಗೂ ನಡುವೆ ಇದ್ದದ್ದು ಒಂದು ಗೋಡೆ, ಅದರ ಮೇಲ್ಗಡೆ ಒಂದು ಕಿಂಡಿ. ಎಂದಿನ ಅಭ್ಯಾಸದಲ್ಲೇ ಮಾತಿಗಿಳಿದ ತಾಯಿಯ ದನಿ ಕಿಂಡಿಯಿಂದ ಸ್ಪಷ್ಟವಾಗಿ ಕೇಳಿಸಿತು.

"ನಿನ್ನೆ ಉಪ್ಪಿನ ಡಬ್ಬಿ ಎಲ್ಲಿಡೋದು ಅಂತ ನಾವು ಮಾತಾಡ್ತಿದ್ರೆ ನಡುವೆ ಬಂದು 'ಇಬ್ಬರೂ ಸಮಾಧಾನ ಮಾಡ್ಕೊಳ್ಳಿ' ಅಂದನಲ್ಲೇ! ಜಗಳ ಎಲ್ಲಿತ್ತು?"

"ನಾನು 'ಆಯ್ತು, ಮಾಡ್ಕೊಂಡ್ವಿ' ಅಂದೆ ಅತ್ತೆ. ಪಾಪ, ಎಷ್ಟು ಖುಷಿಯಾಯ್ತು ನಿಮ್ಮ ಮಗನಿಗೆ."

"ಊಟಕ್ಕೆ ಕೂತಾಗ ಕಾಲು ನೋಡಿದ್ಯಾ? ನಾನು ದನಿ ಏರಿಸಿದ್ರೆ ಸಾಕು, ಮೇಜಿನ ಕೆಳಗೆ ಬ್ರೇಕ್ ಒತ್ತುತ್ತಾನೆ."

ಇಬ್ಬರೂ ಬಿದ್ದು ಬಿದ್ದು ನಕ್ಕರು. ಯಜಮಾನರ ಮುಖ ನೊರೆಯಷ್ಟೇ ಬಿಳುಚಿತು. ನೋವಾಯಿತು, ಬಹಳ ನೋವಾಯಿತು. ನೊರೆ ಗಂಟಲಿಗೆ ಹೋಗಿ ಕೆಮ್ಮು ಬಂತು.

ಅಡುಗೆಮನೆ ತಟ್ಟನೆ ಸುಮ್ಮನಾಯಿತು.

ಅಂದಿನಿಂದ ಬೆಳಗಿನ ಮಾತು ನಿಂತುಹೋಯಿತು. ಗುಡುಗಿನ ಮರೆಯಲ್ಲಿ ದಿನವೂ ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದ ಹೆಂಗಸರಿಬ್ಬರಿಗೆ ಈಗ ಒಳಗಿದ್ದದ್ದನ್ನು ಹಾಕಲು ಜಾಗವೇ ಇಲ್ಲ. ಮೊದಲು ಪಾತ್ರೆಗಳು ಸದ್ದು ಮಾಡಿದವು. ಆಮೇಲೆ, ಕುಕ್ಕರಿನ ಮುಚ್ಚಳ ಯಾರು ಅಂಗಾತ ಇಟ್ಟಿದ್ದು ಎಂಬಲ್ಲಿಂದ ಶುರುವಾಗಿ ನಿಜವಾದ ಜಗಳವೇ ಎದ್ದಿತು.

"ನಾನು ಮಾಡಿದ್ದೆಲ್ಲ ನಿಮಗೆ ತಪ್ಪಾಗೇ ಕಾಣುತ್ತೆ!"

"ಹಾಗಾದ್ರೆ ನಾನು ಮಗಳ ಮನೆಗೆ ಹೋಗ್ತೀನಿ ಬಿಡು. ನೀನು ಆರಾಮಾಗಿರು."

"ಇಬ್ಬರೂ ಸಮಾಧಾನ..." ಎಂದು ಯಜಮಾನರು ಪಾದ ಒತ್ತಿದರು.

"ನೀವು ಸುಮ್ನಿರಿ!" "ನೀನು ಸುಮ್ನಿರೋ!" ಎಂದು ಎರಡೂ ಕಡೆಯಿಂದ ಒಟ್ಟಿಗೇ ಬಂತು. ಆ ಒಂದು ಮಾತಿನಲ್ಲಿ ಮಾತ್ರ ಅತ್ತೆ ಸೊಸೆಗೆ ಒಮ್ಮತವಿತ್ತು. ಸಂಜೆಯ ಹೊತ್ತಿಗೆ ತಾಯಿಯ ಬ್ಯಾಗು ಅಟ್ಟದಿಂದ ಇಳಿದು, ಸೀರೆಗಳು ಮಡಿಸಿಕೊಂಡು ಅದರೊಳಗೆ ಕೂತವು. ಹೆಂಡತಿ ರೂಮಿನ ಬಾಗಿಲು ಹಾಕಿಕೊಂಡು ಅಳುತ್ತಿದ್ದಳು. ಯಜಮಾನರಿಗೆ ಜೀವ ಬಾಯಿಗೆ ಬಂತು. ಈ ಮನೆಯನ್ನು ಇಷ್ಟು ವರ್ಷ ಕಾಪಾಡಿದ್ದು ತಮ್ಮ ಬ್ರೇಕಲ್ಲ, ಆ ಸುಣ್ಣ. ಅದನ್ನು ತಾವೇ ಕೈಯಾರೆ ಕೆರೆದು ಚರಂಡಿಗೆ ಚೆಲ್ಲಿದ್ದರು.

ಮರುದಿನ ಬೆಳಿಗ್ಗೆ ತಾಯಿಯ ಬ್ಯಾಗು ಬಾಗಿಲ ಬಳಿ ಸಿದ್ಧವಾಗಿತ್ತು. ಯಜಮಾನರು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡರು. ಸ್ವಿಚ್ ಒತ್ತಿದರು. ಗೀಸರಿನ ಕೆಂಪು ದೀಪ ಹತ್ತಿತು, ಸದ್ದಿಲ್ಲ. ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತರು. ಗಂಭೀರವಾಗಿ ಉಸಿರೆಳೆದುಕೊಂಡು, ಮೊದಲು ಸಣ್ಣಗೆ ಗೊಣಗಿ, ಆಮೇಲೆ ಗಂಟಲು ಸರಿಮಾಡಿಕೊಂಡು, "ಗುರ್ರ್ರ್ರ್..." ಎಂದರು.

ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದ ಚಾಕು ನಿಂತಿತು.

"ಏನೇ ಅದು?" ತಾಯಿಯ ದನಿ.

ಸೊಸೆ ಕಿಂಡಿಯ ಕಡೆ ಕಿವಿಗೊಟ್ಟಳು. ಆಮೇಲೆ ಹೇಳಿದಳು: "ಗೀಸರ್ ಅತ್ತೆ."

"ಸರ್ವೀಸ್ ಮಾಡಿದ್ನಲ್ಲ?"

"ಮಾಡಿದ್ದು ಯಾರು ಹೇಳಿ? ಮತ್ತೆ ಕೆಟ್ಟಿದೆ."

ತಾಯಿ ಕಿಸಕ್ಕೆಂದರು. ಸೊಸೆಯೂ ನಕ್ಕಳು. ಚಾಕು ಮತ್ತೆ ಹಲಗೆಯ ಮೇಲೆ ಆಡತೊಡಗಿತು, ಅದರ ಜೊತೆಗೇ ಮಾತು. ಕುಕ್ಕರಿನ ಮುಚ್ಚಳ ಬಂತು, ಉಪ್ಪಿನ ಡಬ್ಬಿ ಬಂತು, ಯಜಮಾನರ ಬಾಲ್ಯದ ಮೊದ್ದುತನಗಳೂ ಒಂದೊಂದಾಗಿ ಬಂದವು. ಕಣ್ಣಲ್ಲಿ ನೀರು ತುಂಬಿಕೊಂಡು ಯಜಮಾನರು ಗುಡುಗುತ್ತಲೇ ಇದ್ದರು. ಕೊನೆಗೆ ಉಸಿರು ಸಾಲದೆ ಒಂದು ಗಳಿಗೆ ನಿಲ್ಲಿಸಿದರು.

ಕಿಂಡಿಯ ಕಡೆ ತಿರುಗಿ ತಾಯಿ ಗಟ್ಟಿಯಾಗಿ ಹೇಳಿದರು: "ಇನ್ನೂ ನಮ್ಮ ಮಾತು ಮುಗಿದಿಲ್ಲಪ್ಪಾ!"

ಯಜಮಾನರು ಗಡಿಬಿಡಿಯಿಂದ ಮತ್ತೆ ಶುರುಮಾಡಿದರು.